ಬೀಗ ಹಾಕಿದವನೇ ಸಾಕ್ಷಿ ಹೇಳಬಾರದು: ಎನ್‌ಕ್ರಿಪ್ಟೆಡ್ ವಿಎಂಗಳ ಬಗ್ಗೆ ಒಂದಿಷ್ಟು ಮಾತು

(ಚೆನ್ನೈನಲ್ಲಿ ಕೊಟ್ಟ ಮಾತಿನ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ತಿದ್ದಿದ್ದೇನೆ.)

ನಾನು ಇಲ್ಲೇ ಚೆನ್ನೈನಲ್ಲಿ ವರ್ಚುವಲೈಸೇಷನ್ ನಿರ್ವಹಣೆಯ ಸಾಫ್ಟ್‌ವೇರ್ ಮೇಲೆ ಕೆಲಸ ಮಾಡ್ತೀನಿ. ಒಂದು ದೊಡ್ಡ ಸರ್ವರ್ ಒಳಗೆ ಹತ್ತಾರು ವರ್ಚುವಲ್ ಮಷೀನ್‌ಗಳನ್ನ, ಅಂದ್ರೆ ವಿಎಂಗಳನ್ನ, ಹುಟ್ಟಿಸೋದು, ನಿಲ್ಲಿಸೋದು, ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಸಾಗಿಸೋದು, ಇದೆಲ್ಲವನ್ನೂ ಒಂದೇ ಪರದೆಯಿಂದ ಮಾಡಿಸುವ ಸಾಫ್ಟ್‌ವೇರ್ ಅದು. ಇಂಥದ್ದಕ್ಕೆ ಎನ್‌ಕ್ರಿಪ್ಟೆಡ್ ವಿಎಂ ಸೌಲಭ್ಯ ಸೇರಿಸೋದು ಅಂದ್ರೆ ನಿಜವಾಗಿ ಏನು ಸೇರಿಸಿದ ಹಾಗೆ? ಇವತ್ತಿನ ಮಾತು ಇಷ್ಟೇ.

ಮೊದಲು, ಇದು ಯಾಕೆ ಬೇಕು ಅಂತ ನೋಡೋಣ. ಅಂಬತ್ತೂರು, ಸಿರುಸೇರಿ ಕಡೆ ಹೋದರೆ ಸಾಲು ಸಾಲು ಡೇಟಾ ಸೆಂಟರ್‌ಗಳಿವೆ. ಊರಿನ ಒಂದು ಸಣ್ಣ ರಕ್ತ ಪರೀಕ್ಷೆ ಲ್ಯಾಬ್ ಅಲ್ಲಿ ಒಂದು ವಿಎಂ ಬಾಡಿಗೆಗೆ ತಗೊಂಡಿದೆ ಅಂತಿಟ್ಕೊಳ್ಳಿ. ರೋಗಿಗಳ ಹೆಸರು, ವರದಿ ಎಲ್ಲ ಅದರಲ್ಲಿದೆ. ಡಿಸ್ಕ್ ಎನ್‌ಕ್ರಿಪ್ಟ್ ಆಗಿದೆ, ನೆಟ್‌ವರ್ಕ್‌ಗೆ ಟಿಎಲ್‌ಎಸ್ ಇದೆ. ಆದರೂ ಆ ಸರ್ವರ್‌ನ ಅಡ್ಮಿನ್ ಒಂದೇ ಒಂದು ಕಮಾಂಡ್, ‘ವರ್ಶ್ ಡಂಪ್’, ಹೊಡೆದರೆ ಇಡೀ ವಿಎಂನ ಮೆಮೊರಿ ಒಂದು ಫೈಲ್ ಆಗಿ ಬಂದು ಬೀಳುತ್ತೆ. ಡಿಸ್ಕಿನ ಕೀಲಿಯೂ ಅದೇ ಮೆಮೊರಿಯಲ್ಲಿ ಇರುತ್ತೆ. ಅಡ್ಮಿನ್ ಒಳ್ಳೆಯವನೇ ಇರಬಹುದು. ಆದರೆ ಅವನ ಪಾಸ್‌ವರ್ಡ್ ಕದ್ದವನು ಒಳ್ಳೆಯವನಾಗಿರಲ್ಲ.

ಕಾನೂನಿನ ಕಡೆಯಿಂದಲೂ ನೋಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಪ್ರಕಾರ, ಕೆಲಸವನ್ನ ಬೇರೆಯವರ ಕೈಗೆ ಕೊಟ್ಟರೂ ಹೊಣೆ ಮಾತ್ರ ಆ ಲ್ಯಾಬಿನದ್ದೇ. ಸರಿಯಾದ ಭದ್ರತಾ ಕ್ರಮ ಇಲ್ಲದಿದ್ದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಹಾಗಾಗಿ ‘ನಾವು ನೋಡಲ್ಲ’ ಅನ್ನೋ ಭರವಸೆ ಸಾಲದು. ‘ನಮ್ಮಿಂದ ನೋಡೋಕೇ ಆಗಲ್ಲ’ ಅಂತ ಇರಬೇಕು.

ಇದಕ್ಕೆ ಹಾರ್ಡ್‌ವೇರ್ ಉತ್ತರ ಬಂದಿದ್ದು ಎಎಮ್‌ಡಿಯಿಂದ. 2017ರ ಎಪಿಕ್ ಪ್ರೊಸೆಸರ್‌ಗಳಲ್ಲಿ ‘ಸೆವ್’ ಅನ್ನೋ ಸೌಲಭ್ಯ ಬಂತು. ಪ್ರತಿ ವಿಎಂಗೂ ಒಂದು ಬೇರೆ ಕೀಲಿ. ಆ ಕೀಲಿ ಹುಟ್ಟೋದು ಚಿಪ್‌ನ ಒಳಗಿರುವ ಒಂದು ಪುಟ್ಟ ಪ್ರತ್ಯೇಕ ಪ್ರೊಸೆಸರ್‌ನಲ್ಲಿ, ಮತ್ತು ಅದು ಹೊರಗೆ ಬರೋದೇ ಇಲ್ಲ. ಮೆಮೊರಿ ಕಂಟ್ರೋಲರ್ ಬರೆಯುವಾಗ ಎನ್‌ಕ್ರಿಪ್ಟ್ ಮಾಡುತ್ತೆ, ಓದುವಾಗ ಡಿಕ್ರಿಪ್ಟ್ ಮಾಡುತ್ತೆ. ಈಗ ಅಡ್ಮಿನ್ ಡಂಪ್ ತೆಗೆದರೆ ಸಿಗೋದು ಬರೀ ಕಸ.

ಸಾಫ್ಟ್‌ವೇರ್ ಒಂದೊಂದೇ ಮೆಟ್ಟಿಲು ಹತ್ತಿತು. 2018ರ ಏಪ್ರಿಲ್‌ನಲ್ಲಿ ಲಿನಕ್ಸ್ 4.16ರ ಕೆವಿಎಂ ಮತ್ತು ಕ್ಯೂಇಎಂಯು 2.12, ಜುಲೈನಲ್ಲಿ ಲಿಬ್‌ವರ್ಟ್ 4.5, ಆಮೇಲೆ 2019ರ ಅಕ್ಟೋಬರ್‌ನಲ್ಲಿ ಓಪನ್‌ಸ್ಟ್ಯಾಕ್‌ನ ಟ್ರೇನ್ ಆವೃತ್ತಿ. ಲಿಬ್‌ವರ್ಟ್ ಮಟ್ಟದಲ್ಲಿ ನೋಡಿದರೆ ಕೆಲಸ ಸಣ್ಣದು ಅನ್ಸುತ್ತೆ: ಎಕ್ಸ್‌ಎಮ್‌ಎಲ್‌ನಲ್ಲಿ ‘ಲಾಂಚ್ ಸೆಕ್ಯುರಿಟಿ’ ಅಂತ ನಾಲ್ಕಾರು ಸಾಲು. ಮೇಲಿನ ಪರದೆಯಲ್ಲಿ ಒಂದು ಟಿಕ್ ಬಾಕ್ಸ್ ಇಟ್ಟರೆ ಮುಗೀತಲ್ವಾ? ಇಲ್ಲ. ಅಲ್ಲಿಂದಲೇ ಶುರು.

ಮೊದಲನೆಯದು, ಜಾಗದ ಲೆಕ್ಕ. ಎನ್‌ಕ್ರಿಪ್ಟೆಡ್ ವಿಎಂಗಳಿಗೆ ಚಿಪ್‌ನಲ್ಲಿ ಇಂತಿಷ್ಟೇ ಸ್ಥಾನ ಅಂತ ಇದೆ. ಮೊದಲ ತಲೆಮಾರಿನ ಎಪಿಕ್‌ನಲ್ಲಿ 15, ಎರಡನೆಯದರಲ್ಲಿ 509. ಸಿಪಿಯು, ಮೆಮೊರಿ ಎಷ್ಟೇ ಖಾಲಿ ಇದ್ದರೂ ಹದಿನಾರನೆಯದು ಶುರುವಾಗಲ್ಲ. ಹಾಗಾಗಿ ಯಾವ ವಿಎಂ ಯಾವ ಸರ್ವರ್‌ಗೆ ಅಂತ ನಿರ್ಧರಿಸುವ ಶೆಡ್ಯೂಲರ್‌ಗೆ ಈ ಸ್ಥಾನಗಳನ್ನೂ ಒಂದು ಸಂಪನ್ಮೂಲ ಅಂತ ಎಣಿಸೋಕೆ ಕಲಿಸಬೇಕು. ಓಪನ್‌ಸ್ಟ್ಯಾಕ್ ಇದನ್ನೇ ಮಾಡ್ತು.

ಎರಡನೆಯದು, ಮೆಮೊರಿ. ಮಾಮೂಲಿ ವಿಎಂಗಳು ನಮ್ಮ ಎಂಟಿಸಿ ಬಸ್ ಇದ್ದ ಹಾಗೆ. ಎಲ್ಲರೂ ಒಟ್ಟಿಗೆ ಕೂರಲ್ಲ ಅನ್ನೋ ಧೈರ್ಯದ ಮೇಲೆ ಸೀಟಿಗಿಂತ ಹೆಚ್ಚು ಜನ ಹತ್ತಿಸ್ತೀವಿ. ಎನ್‌ಕ್ರಿಪ್ಟೆಡ್ ವಿಎಂ ಬೆಂಗಳೂರಿಗೆ ಹೋಗೋ ರಾತ್ರಿ ಬಸ್ಸಿನ ಬರ್ತ್. ಬುಕ್ ಆದರೆ ಆಯ್ತು, ಖಾಲಿ ಇದ್ದರೂ ಇನ್ನೊಬ್ಬರಿಗೆ ಕೊಡೋ ಹಾಗಿಲ್ಲ. ಅದರ ಮೆಮೊರಿ ಪೂರ್ತಿ ಪಿನ್ ಆಗಿರುತ್ತೆ, ಸ್ವಾಪ್ ಮಾಡೋಕೆ ಆಗಲ್ಲ. ಈ ಲೆಕ್ಕ ತಪ್ಪಿದರೆ ಸರ್ವರ್‌ನಲ್ಲಿ ಮೆಮೊರಿ ಮುಗಿದು ಪಕ್ಕದ ವಿಎಂಗಳು ಸಾಯ್ತವೆ.

ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು, ಲೈವ್ ಮೈಗ್ರೇಷನ್. ಓಡ್ತಾ ಇರೋ ವಿಎಂನ ಇನ್ನೊಂದು ಸರ್ವರ್‌ಗೆ ಸಾಗಿಸೋದು ಅಂದ್ರೆ ಅದರ ಮೆಮೊರಿಯನ್ನ ಓದಿ ಕಳಿಸೋದು. ಓದೋಕೇ ಬಿಡಲ್ಲ ಅಂದ್ಮೇಲೆ ಹೇಗೆ ಕಳಿಸ್ತೀರಿ? ಓಪನ್‌ಸ್ಟ್ಯಾಕ್‌ನ ದಾಖಲೆಗಳಲ್ಲೇ ಇದನ್ನ ಮಿತಿ ಅಂತ ಬರೆದಿದ್ದಾರೆ. ಸಸ್ಪೆಂಡ್ ಕೂಡ ಇಲ್ಲ.

ಚೆನ್ನೈನಲ್ಲಿ ಇದು ಪುಸ್ತಕದ ಮಾತಲ್ಲ. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ಊರೇ ನೀರಲ್ಲಿ ನಿಂತಿತ್ತು. ಅಂಥ ಮುನ್ಸೂಚನೆ ಸಿಕ್ಕಾಗ ಅಡ್ಮಿನ್ ಮಾಡೋ ಮೊದಲ ಕೆಲಸ, ಅಪಾಯದ ಸರ್ವರ್‌ಗಳನ್ನ ಖಾಲಿ ಮಾಡೋದು. ‘ಮೇಂಟೆನೆನ್ಸ್’ ಬಟನ್ ಒತ್ತಿದರೆ ವಿಎಂಗಳು ತಾವಾಗಿ ಬೇರೆ ಸರ್ವರ್‌ಗೆ ಹೋಗ್ತವೆ. ಎನ್‌ಕ್ರಿಪ್ಟೆಡ್ ವಿಎಂ ಮಾತ್ರ ಅಲ್ಲೇ ಕೂತಿರುತ್ತೆ. ಅದನ್ನ ನಿಲ್ಲಿಸಿ, ಬೇರೆ ಕಡೆ ಹೊಸದಾಗಿ ಶುರು ಮಾಡಬೇಕು. ಆಗ ಆ ಲ್ಯಾಬಿನ ಸೇವೆ ಸ್ವಲ್ಪ ಹೊತ್ತು ನಿಲ್ಲುತ್ತೆ. ಈ ವಿಷಯ ಅವರಿಗೆ ಗೊತ್ತಾಗಬೇಕಾದ್ದು ಮಳೆ ಸುರಿಯೋ ರಾತ್ರಿ ಅಲ್ಲ, ಟಿಕ್ ಬಾಕ್ಸ್ ಒತ್ತುವ ಹೊತ್ತಿಗೆ. ಆ ಬಾಕ್ಸಿನ ಪಕ್ಕದಲ್ಲೇ ಅಚ್ಚ ಮಾತಿನಲ್ಲಿ ಬರೀಬೇಕು: ಈ ಮಷೀನನ್ನು ನಿಲ್ಲಿಸದೆ ಸಾಗಿಸಲು ಆಗುವುದಿಲ್ಲ.

ಇನ್ನು ಸಣ್ಣಪುಟ್ಟದ್ದನ್ನ ಬೇಗ ಹೇಳಿಬಿಡ್ತೀನಿ. ಹಳೇ ಬಯಾಸ್ ಬದಲು ಯುಇಎಫ್‌ಐ ಬೇಕು. ಒಳಗಿನ ಲಿನಕ್ಸ್ ಕರ್ನಲ್ ಕನಿಷ್ಠ 4.15 ಇರಬೇಕು. ಮತ್ತೆ, ಎನ್‌ಕ್ರಿಪ್ಟ್ ಆಗೋದು ಮೆಮೊರಿ ಮಾತ್ರ. ಡಿಸ್ಕ್‌ಗೆ ಬರೆಯುವ ದತ್ತಾಂಶ ಹೋಸ್ಟ್ ಮೂಲಕವೇ ಹೋಗುತ್ತೆ. ವಿಎಂ ಒಳಗಿನಿಂದಲೇ ಡಿಸ್ಕ್ ಎನ್‌ಕ್ರಿಪ್ಟ್ ಮಾಡದಿದ್ದರೆ ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟ ಹಾಗೆ.

ಈಗ ಮುಖ್ಯ ಮಾತಿಗೆ ಬರ್ತೀನಿ. ಪರದೆ ಮೇಲೆ ಹಸಿರು ಬೀಗದ ಚಿತ್ರ ಬಂತು, ‘ಎನ್‌ಕ್ರಿಪ್ಟೆಡ್’ ಅಂತ ಬರೆದಿದೆ. ಇದನ್ನ ಹೇಳ್ತಾ ಇರೋದು ಯಾರು? ನಿರ್ವಹಣೆಯ ಸಾಫ್ಟ್‌ವೇರ್. ಅದನ್ನ ನಡೆಸೋದು ಯಾರು? ಯಾರ ಕಣ್ಣಿಂದ ದತ್ತಾಂಶ ಮುಚ್ಚಿಡಬೇಕು ಅಂತ ಹೊರಟಿದ್ದೀವೋ ಅವರೇ. ಅವರ ಸಾಫ್ಟ್‌ವೇರ್ ಹೇಳುವ ಸಾಕ್ಷಿಗೆ ಇಲ್ಲಿ ಬೆಲೆ ಇಲ್ಲ.

ಅದಕ್ಕೇ ‘ಅಟೆಸ್ಟೇಷನ್’ ಇರೋದು. ಮೊದಲ ಸೆವ್‌ನಲ್ಲಿ ಅದು ಹೀಗೆ: ವಿಎಂ ಶುರುವಾಗಿ, ಒಂದು ಸೂಚನೆಯೂ ಓಡುವ ಮೊದಲೇ ತಡೆದು ನಿಲ್ಲುತ್ತೆ. ಒಳಗೆ ಯಾವ ಫರ್ಮ್‌ವೇರ್ ಇದೆ, ಯಾವ ನಿಯಮ ಇದೆ ಅಂತ ಚಿಪ್ ಅಳತೆ ತೆಗೆದು ಕೊಡುತ್ತೆ. ಆ ಅಳತೆಗೆ ಬಳಸುವ ಕೀಲಿ ಮಾಲೀಕನಿಗೂ ಚಿಪ್‌ಗೂ ಮಾತ್ರ ಗೊತ್ತು. ಮಾಲೀಕ ತನ್ನ ಜಾಗದಲ್ಲಿ ಕೂತು ತಾಳೆ ನೋಡ್ತಾನೆ. ಸರಿ ಇದ್ದರೆ ಮಾತ್ರ ಡಿಸ್ಕಿನ ಪಾಸ್‌ವರ್ಡ್ ಗುಪ್ತವಾಗಿ ಒಳಗೆ ಕಳಿಸ್ತಾನೆ, ಆಮೇಲೆ ವಿಎಂ ಓಡುತ್ತೆ. ಇದಕ್ಕೆ ಲಿಬ್‌ವರ್ಟ್ ಜೊತೆ ‘ವರ್ಟ್-ಕ್ಯೂಇಎಂಯು-ಸೆವ್-ವ್ಯಾಲಿಡೇಟ್’ ಅನ್ನೋ ಟೂಲ್ ಬರುತ್ತೆ. ಬೇಕಾದ ಮಾಹಿತಿಯನ್ನ ಹೋಸ್ಟ್‌ನ ಲಿಬ್‌ವರ್ಟ್‌ನಿಂದಲೇ ಕೇಳಿ ತಗೊಂಡ್ರೆ, ‘ಇದು ಅಸುರಕ್ಷಿತ, ಗೊತ್ತಿದೆ’ ಅಂತ ನೀವು ಒಪ್ಪಿಕೊಳ್ಳದ ಹೊರತು ಅದು ಮುಂದೆ ಹೋಗಲ್ಲ. ಅಷ್ಟು ಖಡಕ್.

ಅಂದ್ರೆ ನಮ್ಮ ಸಾಫ್ಟ್‌ವೇರ್‌ನ ಪಾತ್ರ ಏನು? ಅಂಚೆಯವನ ಪಾತ್ರ. ಮಾಲೀಕನ ಪತ್ರ ಚಿಪ್‌ಗೆ ಮುಟ್ಟಿಸೋದು, ಚಿಪ್‌ನ ಉತ್ತರ ಮಾಲೀಕನಿಗೆ ಮುಟ್ಟಿಸೋದು. ಲಕೋಟೆ ಒಡೆದು ಓದಿ ‘ಎಲ್ಲ ಸರಿ ಇದೆ ಸಾರ್’ ಅಂತ ಹೇಳೋದು ಅಂಚೆಯವನ ಕೆಲಸ ಅಲ್ಲ. ಬಳಕೆದಾರರಿಗೆ ಸುಲಭ ಆಗಲಿ ಅಂತ ತಾಳೆ ನೋಡುವ ಕೆಲಸವನ್ನೂ ನಾವೇ ಮಾಡಿಬಿಟ್ಟರೆ, ಪರದೆ ಚೆನ್ನಾಗಿ ಕಾಣುತ್ತೆ, ಭದ್ರತೆ ಹೋಗುತ್ತೆ.

ಇದು ಪರಿಪೂರ್ಣ ಅಂತ ನಾನು ಹೇಳ್ತಿಲ್ಲ. 2018ರಲ್ಲೇ ಜರ್ಮನಿಯ ಸಂಶೋಧಕರು ‘ಸೆವರ್ಡ್’ ದಾಳಿಯಲ್ಲಿ, ಹೋಸ್ಟ್ ಮೆಮೊರಿ ಪುಟಗಳನ್ನ ಅದಲುಬದಲು ಮಾಡಿ ವಿಎಂನಿಂದಲೇ ಅದರ ಗುಟ್ಟನ್ನ ಹೊರಗೆ ಕಕ್ಕಿಸಬಹುದು ಅಂತ ತೋರಿಸಿದರು. ಅದನ್ನ ತಡೆಯುವ ‘ಸೆವ್-ಎಸ್‌ಎನ್‌ಪಿ’ 2021ರ ಎಪಿಕ್‌ಗಳಲ್ಲಿ ಬಂತು. ಅದರಲ್ಲಿ ವಿಎಂ ತಾನೇ ಚಿಪ್‌ನಿಂದ ಸಹಿ ಮಾಡಿದ ವರದಿ ಕೇಳಿ ಪಡೀಬಹುದು. ಲಿಬ್‌ವರ್ಟ್‌ಗೆ ಇದು ಬಂದಿದ್ದು 2024ರ ಜುಲೈನಲ್ಲಿ. ಚಿಪ್ ಬಂದು ಮೂರು ವರ್ಷದ ಮೇಲೆ! ಅದೇ ವರ್ಷದ ಡಿಸೆಂಬರ್‌ನಲ್ಲಿ ‘ಬ್ಯಾಡ್‌ರ‍್ಯಾಮ್’ ಅಂತ ಇನ್ನೊಂದು ದಾಳಿ ಹೊರಬಂತು: ಸುಮಾರು ಹತ್ತು ಡಾಲರ್‌ನ ಸಾಮಾನಿನಿಂದ ಮೆಮೊರಿ ಮಾಡ್ಯೂಲ್‌ಗೆ ಸುಳ್ಳು ಅಳತೆ ಹೇಳಿಸೋದು. ಎಎಮ್‌ಡಿ ಫರ್ಮ್‌ವೇರ್ ಸರಿಪಡಿಸಿತು. ಹಾಗಾಗಿ ವರದಿಯಲ್ಲಿ ಬರೋ ಫರ್ಮ್‌ವೇರ್ ಆವೃತ್ತಿಯನ್ನೂ ಮಾಲೀಕ ನೋಡಲೇಬೇಕು.

ಈ ಕೆಲಸಕ್ಕೆ ಕೈಹಾಕುವ ಸ್ನೇಹಿತರಿಗೆ ನನ್ನ ಸಲಹೆ ಇದು. ಟಿಕ್ ಬಾಕ್ಸನ್ನ ಕೊನೆಗೆ ಮಾಡಿ. ಮೊದಲು ಎಣಿಕೆ, ಆಮೇಲೆ ‘ಆಗಲ್ಲ’ ಅನ್ನೋದನ್ನ ಮುಂಚೆಯೇ ಹೇಳುವ ಸಂದೇಶಗಳು, ಆಮೇಲೆ ಅಟೆಸ್ಟೇಷನ್‌ಗೆ ದಾರಿ. ಮತ್ತೆ ವಿಎಂ ಬಾಡಿಗೆಗೆ ತಗೊಳ್ಳೋರು ಒದಗಿಸುವವರನ್ನ ‘ಎನ್‌ಕ್ರಿಪ್ಷನ್ ಇದೆಯಾ?’ ಅಂತ ಮಾತ್ರ ಕೇಳಬೇಡಿ. ‘ಇದೆ ಅಂತ ನಿಮ್ಮ ಸಹಾಯ ಇಲ್ಲದೆ ನಾನು ಹೇಗೆ ಪರೀಕ್ಷೆ ಮಾಡಲಿ?’ ಅಂತ ಕೇಳಿ.

ಈಗ ನಿಮ್ಮ ಪ್ರಶ್ನೆಗಳು.