ಮೊಳೆಯ ಪಾಠ

(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಮಂಡಕಳ್ಳಿ ಅಂದರೆ ಹೊರಗಿನವರಿಗೆ ವಿಮಾನ ನಿಲ್ದಾಣ. ನನಗೆ ಈ ಶಾಲೆ. ಹತ್ತನೇ ತರಗತಿಯಲ್ಲಿ ನೀರಿನ ವಿದ್ಯುದ್ವಿಭಜನೆ ಪ್ರಯೋಗಕ್ಕೆ ಇಂಗಾಲದ ಕಡ್ಡಿ ಇರಲಿಲ್ಲ. ಉಪ್ಪುನೀರಿನಲ್ಲಿ ಎರಡು ಕಬ್ಬಿಣದ ಮೊಳೆ ಇಟ್ಟು ಬ್ಯಾಟರಿ ಜೋಡಿಸಿದೆವು. ಋಣ ತುದಿಯಲ್ಲಿ ಹೈಡ್ರೋಜನ್ ಗುಳ್ಳೆಗಳು ಬಂದವು. ಧನ ತುದಿಯ ಮೊಳೆ ಸವೆದು ನೀರು ಕಂದಾಯಿತು. ನಾನು ಪುಸ್ತಕ ನೋಡಿ ‘ಆಕ್ಸಿಜನ್ ಬಂತು’ ಎಂದು ಬರೆದೆ. ಮೇಷ್ಟ್ರು ಕೆಂಪು ಶಾಯಿಯಲ್ಲಿ ಅದನ್ನು ಹೊಡೆದುಹಾಕಿ, “ಕಂಡದ್ದನ್ನ ಬರಿಯಪ್ಪ, ಪುಸ್ತಕದಲ್ಲಿರೋದನ್ನಲ್ಲ” ಅಂದರು.

ಇಂದು ಆ ಮೊಳೆಯೇ ನನ್ನ ಕಸುಬು. 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ ಹಸಿರು ಹೈಡ್ರೋಜನ್ ತಯಾರಿಸುವ ಗುರಿಯ ರಾಷ್ಟ್ರೀಯ ಮಿಷನ್‌ಗೆ ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ನೀರನ್ನು ಒಡೆಯುವ ಯಂತ್ರಗಳಲ್ಲಿ ಪಿಇಎಂ ಎಂಬುದು ಒಂದು ಬಗೆ. ಅದರೊಳಗೆ ಆಮ್ಲಗುಣದ ತೆಳುಪೊರೆ ಇರುತ್ತದೆ. ಆಕ್ಸಿಜನ್ ಬರುವ ಕಡೆ ಸ್ಟೀಲ್ ಕೂಡ ಸವೆದು, ಅದರ ಕಬ್ಬಿಣದ ಅಂಶ ಪೊರೆಗೆ ಸೇರಿ ಪೊರೆಯನ್ನು ಕೆಡಿಸುತ್ತದೆ. ಟೈಟಾನಿಯಂ ತಾಳುತ್ತದೆ, ಆದರೆ ಅದರ ಮೇಲೆ ಕೂರುವ ಆಕ್ಸೈಡ್ ಪದರ ವಿದ್ಯುತ್ತಿಗೆ ಅಡ್ಡ. ಅದಕ್ಕೇ ಪ್ಲಾಟಿನಂನಂಥ ಲೋಹದ, ಕೂದಲಿಗಿಂತ ಎಷ್ಟೋ ತೆಳುವಾದ ಲೇಪ ಕೊಡುತ್ತಾರೆ. ಟೈಟಾನಿಯಂ ದುಬಾರಿ. ಹಾಗಾಗಿ ಸ್ಟೀಲಿಗೇ ಒಳ್ಳೆಯ ಲೇಪ ಕೊಡಲಾದೀತೇ ಎಂಬುದು ನಮ್ಮ ಹುಡುಕಾಟ.

ಹಿರಿಯರಿಗೆ ಇದು ಕಲಾಯಿ ಅಂದರೆ ಸಾಕು. ಕಲಾಯಿಯವರು ಪಾತ್ರೆಯನ್ನು ಉಜ್ಜಿ, ಕಾಯಿಸಿ, ನವಸಾಗರ ಹಾಕಿ, ಆಮೇಲೆ ತವರ ಸವರುತ್ತಿದ್ದರು. ಎಲ್ಲಾದರೂ ಜಿಡ್ಡು ಉಳಿದರೆ ಅಲ್ಲಿ ತವರ ಹಿಡಿಯದು. ಹುಳಿಸಾರು ಅಲ್ಲೇ ಕಿಲುಬುತ್ತಿತ್ತು.

ನನಗೂ ಹಾಗೇ ಆಯಿತು. ಲೇಪ ಕೊಟ್ಟ ಆರು ಸ್ಟೀಲ್ ತುಂಡುಗಳಲ್ಲಿ ಐದು ಚೆನ್ನಾಗಿದ್ದವು. ಒಂದರಲ್ಲಿ ಸಾಸಿವೆಯಷ್ಟು ತುಕ್ಕು. ಮೂರು ತಿಂಗಳ ದುಡಿಮೆ. ಅದೊಂದನ್ನು ವರದಿಯಿಂದ ಬಿಟ್ಟುಬಿಡೋಣ ಅನ್ನಿಸಿತು. ಆರಕ್ಕೆ ಐದು ಬಂದರೆ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್. ಆದರೆ ಯಂತ್ರದಲ್ಲಿ ಹತ್ತಾರು ತಟ್ಟೆಗಳನ್ನು ಸಾಲಾಗಿ ಜೋಡಿಸಿರುತ್ತಾರೆ, ಒಂದು ಕೆಟ್ಟರೂ ಇಡೀ ಸಾಲು ನಿಲ್ಲಿಸಬೇಕು. ಮೇಷ್ಟ್ರ ಕೆಂಪು ಶಾಯಿ ನೆನಪಾಯಿತು. ಕಂಡದ್ದನ್ನೇ ಬರೆದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಲೇಪಕ್ಕೆ ಮೊದಲು ಸರಿಯಾಗಿ ತೊಳೆಯದ ಜಾಗದಲ್ಲಿ ಸೂಜಿಮೊನೆಯಷ್ಟು ತೂತು! ತಪ್ಪು ಲೇಪದ್ದಲ್ಲ, ತೊಳೆದ ನನ್ನ ಕೈಯದು. ಆರನ್ನೂ ಮತ್ತೆ ಮೊದಲಿನಿಂದ ಮಾಡಿದೆ.

ಮಕ್ಕಳೇ, ಶಾಲೆಗೆ ಇಂಗಾಲದ ಕಡ್ಡಿಗಳನ್ನು ತಂದಿದ್ದೇನೆ. ಜೊತೆಗೆ ಎರಡು ಮೊಳೆಗಳನ್ನೂ ಇಟ್ಟಿದ್ದೇನೆ. ಮೇಷ್ಟ್ರನ್ನು ಕೇಳಿಕೊಂಡು ಎರಡರಲ್ಲೂ ಪ್ರಯೋಗ ಮಾಡಿ. ಕಂಡದ್ದನ್ನು ಬರೆಯಿರಿ.