ಭೀಮೆಯ ಮೀನು, ಕಾವೇರಿಯ ಮಡು

(ಹೊಳೆ-ಹಳ್ಳಗಳ ರಕ್ಷಣೆ ಕುರಿತು ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಭೀಮಾ ತೀರದಿಂದ ಬಂದ ಅತಿಥಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ನೀರಿನ ನಡುವೆ ಬದುಕುವ ನೀವು ನೀರಿನ ಬಗ್ಗೆ ಮಾತನಾಡಲು ಬಯಲಿನವನನ್ನು ಕರೆಸಿದ್ದೀರಿ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳು ಕರಿಮಣ್ಣಿನ ಸೀಮೆ, ತೊಗರಿಯ ಸೀಮೆ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಅಲ್ಲಿ ಸುದ್ದಿಯೇ ಅಲ್ಲ. ಆಳಂದದ ಕಡೆಯಿಂದ ಇಳಿಯುವ ಅಮರ್ಜಾ ಗಾಣಗಾಪುರದ ಸಂಗಮದಲ್ಲಿ ಭೀಮೆಯನ್ನು ಕೂಡುತ್ತದೆ. ಅಫಜಲಪುರ, ಜೇವರ್ಗಿಗಳ ದಂಡೆಗುಂಟ ಸಾಗಿದ ಭೀಮೆ ಮುಂದೆ ರಾಯಚೂರಿನ ಹತ್ತಿರ ಕೃಷ್ಣೆಗೆ ಸೇರುತ್ತಾಳೆ. ನಮ್ಮಲ್ಲಿರುವುದು ಇಷ್ಟೇ ನೀರು.

ಸಂಘಟಕರು ನನ್ನ ಮುಂದೆ ಒಂದು ಪ್ರಶ್ನೆ ಇಟ್ಟಿದ್ದಾರೆ. ಹೊರದೇಶಗಳಲ್ಲಿ ಟ್ರೌಟ್ ಎಂಬ ಮೀನಿನ ಹೊಳೆಗಳನ್ನು ಗಾಳ ಹಾಕುವವರೇ ಒಟ್ಟುಗೂಡಿ ಉಳಿಸಿಕೊಂಡಿದ್ದಾರಂತೆ, ಊರವರೆಲ್ಲ ಸೇರಿ ಗಾಳದ ಹಬ್ಬವನ್ನೂ ಮಾಡುತ್ತಾರಂತೆ. ನಮ್ಮ ಹೊಳೆಗಳಲ್ಲೂ ಅಂಥ ಹಬ್ಬ ನಡೆಸಬಹುದೆ, ಅದಕ್ಕಾಗಿ ಎಲ್ಲಿಂದಲಾದರೂ ಮರಿ ತಂದು ಬಿಡಬಹುದೆ? ನನ್ನ ಅಭಿಪ್ರಾಯವನ್ನು ಆರಂಭದಲ್ಲೇ ಹೇಳಿಬಿಡುತ್ತೇನೆ. ಹಬ್ಬದ ಮಾತು ಆಮೇಲೆ ಆಗಲಿ. ಮರಿ ಬಿಡುವುದು ಬೇಡ. ಮೊದಲು ಮಡುಗಳನ್ನು ಕಾಯೋಣ. ಹೀಗೇಕೆ ಹೇಳುತ್ತೇನೆಂಬುದನ್ನು ಭೀಮೆಯ ಒಂದು ಮೀನಿನ ಕಥೆಯೊಂದಿಗೆ ವಿವರಿಸುತ್ತೇನೆ.

ಫ್ಲೈ ಫಿಶಿಂಗ್ ಎಂದರೇನೆಂದು ವಿದ್ಯಾರ್ಥಿಗಳು ಕೇಳಬಹುದು. ನಮ್ಮವರು ಗಾಳಕ್ಕೆ ಎರೆಹುಳು ಚುಚ್ಚುತ್ತಾರೆ, ರಾಗಿಮುದ್ದೆಯ ಉಂಡೆ ಸಿಕ್ಕಿಸುತ್ತಾರೆ. ಈ ಕ್ರಮದಲ್ಲಿ ಇರೆ ಇಲ್ಲ. ಹಕ್ಕಿಯ ಗರಿ, ದಾರ, ರೋಮಗಳಿಂದ ಗಾಳದ ಕೊಕ್ಕೆಯ ಸುತ್ತ ಒಂದು ಹುಸಿ ನೊಣವನ್ನು ಕಟ್ಟುತ್ತಾರೆ. ಅದನ್ನು ನೀರಿನ ಮೇಲೆ ನಿಜವಾದ ನೊಣ ಕುಳಿತಂತೆ ಹಗುರವಾಗಿ ಇಳಿಸುವುದೇ ಈ ಕಲೆಯ ಸಾರ. ಹಿಡಿದ ಮೀನನ್ನು ಬಹಳ ಮಂದಿ ಮತ್ತೆ ನೀರಿಗೇ ಬಿಡುತ್ತಾರೆ. ಇದರಲ್ಲಿ ನನಗೆ ಮೆಚ್ಚುಗೆಯಾದ ಅಂಶ ಬೇರೆಯೇ ಇದೆ. ಹುಸಿ ನೊಣ ಕಟ್ಟಬೇಕಾದರೆ ಆ ಹೊಳೆಯ ನಿಜ ನೊಣ ಯಾವುದೆಂದು ತಿಳಿದಿರಬೇಕು. ನೀರಿನ ಕಲ್ಲುಗಳನ್ನು ಮಗುಚಿ ನೋಡಿದರೆ ಮೂರೆಳೆ ಬಾಲದ ಮರಿಹುಳುಗಳು ಕಾಣುತ್ತವೆ. ರೆಕ್ಕೆ ಬಂದ ಮೇಲೆ ಅವು ಬದುಕುವುದು ಒಂದೆರಡು ದಿನ ಮಾತ್ರ. ಮರಳಿನ ಕಣಗಳನ್ನು ಅಂಟಿಸಿ ಕೊಳವೆಯಂಥ ಮನೆ ಕಟ್ಟಿಕೊಂಡ ಹುಳುಗಳೂ ಅಲ್ಲಿರುತ್ತವೆ. ಇಂಥವುಗಳಲ್ಲಿ ಹಲವು ನೀರು ಕೆಟ್ಟೊಡನೆ ಮೊದಲು ಮರೆಯಾಗುತ್ತವೆ, ಅನಂತರ ಕೆಸರಿನ ಕೆಂಪು ಹುಳುಗಳ ರಾಜ್ಯ. ಗಾಳಗಾರನಿಗೆ ಹೊಳೆಯ ಆರೋಗ್ಯ ವೈದ್ಯನಿಗಿಂತ ಮೊದಲೇ ತಿಳಿಯುವುದು ಹೀಗೆ.

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಔ ಸೇಬಲ್ ಎಂಬ ಹೊಳೆಯಿದೆ. 1959ರಲ್ಲಿ ಅದರ ದಂಡೆಯ ಮನೆಯೊಂದರಲ್ಲಿ ಹದಿನಾರು ಮಂದಿ ಗಾಳಗಾರರು ಕಲೆತು ಟ್ರೌಟ್ ಅನ್‌ಲಿಮಿಟೆಡ್ ಎಂಬ ಸಂಸ್ಥೆಯನ್ನು ಕಟ್ಟಿದರು. ಅವರು ಮೊದಲು ಎತ್ತಿದ ತಕರಾರು ಸ್ವಾರಸ್ಯಕರವಾದುದು. ತೊಟ್ಟಿಗಳಲ್ಲಿ ಸಾಕಿದ ಮೀನುಗಳನ್ನು ಸರ್ಕಾರ ಪ್ರತಿವರ್ಷ ಹೊಳೆಗೆ ತಂದು ಸುರಿಯುತ್ತಿತ್ತು. ಅದರಿಂದ ಗಾಳಗಾರನಿಗೆ ಒಂದು ದಿನದ ಸಂತೋಷ ದೊರೆಯುತ್ತದೆ, ಹೊಳೆ ಮಾತ್ರ ಇದ್ದ ಹಾಗೇ ಇರುತ್ತದೆ ಎಂದು ಅವರು ವಾದಿಸಿದರು. ಹೊಳೆಯ ನೆರಳು, ತಂಪು, ಜಲ್ಲಿಹಾಸುಗಳನ್ನು ಸರಿಪಡಿಸಿದರೆ ಮೀನು ತಾನಾಗಿ ಹೆಚ್ಚುತ್ತದೆಂಬುದು ಅವರ ನಿಲುವು. ಮೀನು ಹಿಡಿಯುವ ಹವ್ಯಾಸದವರೇ ಮೀನು ಸುರಿಯಬೇಡಿರೆಂದು ಹೇಳಿದರೆಂಬುದನ್ನು ಗಮನಿಸಬೇಕು.

ಇನ್ನು ಟ್ರೌಟ್ ವಿಚಾರ. ಅದು ನಮ್ಮ ನಾಡಿನ ಮೀನಲ್ಲ. ಮಳೆಬಿಲ್ಲು ಟ್ರೌಟ್‌ನ ಮೂಲ ಪೆಸಿಫಿಕ್ ಸಾಗರದ ಅಂಚಿನ ಹೊಳೆಗಳು, ಕಂದು ಟ್ರೌಟ್‌ನ ಮೂಲ ಯುರೋಪು. 1860ರ ದಶಕದಲ್ಲಿ ಫ್ರಾನ್ಸಿಸ್ ಡೇ ನೀಲಗಿರಿಗೆ ಟ್ರೌಟ್ ತರಲು ಹೋಗಿ ವಿಫಲರಾದರು. ಎಚ್.ಸಿ. ವಿಲ್ಸನ್ ಅವರ ಪ್ರಯತ್ನದಿಂದ 1907ರ ಸುಮಾರಿಗೆ ಅವಲಾಂಚೆಯಲ್ಲಿ ಮರಿ ಬೆಳೆಸುವ ಕೇಂದ್ರ ಆರಂಭವಾಯಿತು. ಅಲ್ಲಿ ಅದು ಉಳಿದುದಕ್ಕೆ ಕಾರಣ ಎತ್ತರ ಮತ್ತು ಚಳಿ. ನೀರಿನ ಬಿಸಿ 20 ಡಿಗ್ರಿ ದಾಟಿದರೆ ಆ ಮೀನಿಗೆ ಸಂಕಟ. ನಮ್ಮ ಭೀಮೆಯಲ್ಲಂತೂ ಅದು ಒಂದು ಮಧ್ಯಾಹ್ನವನ್ನೂ ಕಳೆಯಲಾರದು. ನಿಮ್ಮ ಹೊಳೆಗಳಲ್ಲಿಯೂ ಬೇಸಿಗೆಯಲ್ಲಿ ಅದೇ ಗತಿ.

ಗಾಳದ ವಿನೋದ ಮಾತ್ರ ನಮಗೆ ಹೊಸದಲ್ಲ. ಆಳಂದದ ನೆರೆಯ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದ. ಅದರಲ್ಲಿ ಮತ್ಸ್ಯವಿನೋದವೆಂಬ ಒಂದು ಭಾಗವೇ ಇದೆ. ಮೀನಿನ ಜಾತಿಗಳು, ಯಾವುದಕ್ಕೆ ಯಾವ ಮೇವು, ಗಾಳದ ಕೋಲು, ದಾರ, ಕೊಕ್ಕೆ ಹೇಗಿರಬೇಕು ಎಂಬ ವಿವರಗಳು ಅಲ್ಲಿವೆ. ಮೀನುಶಾಸ್ತ್ರಜ್ಞ ಸುಂದರಲಾಲ ಹೋರಾ 1951ರಲ್ಲಿ ಆ ಭಾಗದ ಬಗ್ಗೆ ಪ್ರಬಂಧ ಬರೆದು ವಿಜ್ಞಾನ ಲೋಕದ ಗಮನ ಸೆಳೆದರು. ನಮ್ಮ ಶಾಲೆಗಳಲ್ಲಿ ಇದನ್ನು ಯಾರೂ ಹೇಳುವುದಿಲ್ಲ, ಅದು ಬೇರೆ ಮಾತು.

ಈಗ ಭೀಮೆಯ ಮೀನಿಗೆ ಬರುತ್ತೇನೆ. ಬ್ರಿಟಿಷ್ ಸೇನೆಯ ಕರ್ನಲ್ ಸೈಕ್ಸ್ ದಖ್ಖನ್ನಿನ ಮೀನುಗಳನ್ನು ಅಧ್ಯಯನ ಮಾಡಿ 1839ರಲ್ಲಿ ಒಂದು ಮಹಸೀರ್ ಜಾತಿಯನ್ನು ವಿಜ್ಞಾನಕ್ಕೆ ಪರಿಚಯಿಸಿದರು. ಅದರ ಹೆಸರು ಟಾರ್ ಖುದ್ರೀ. ಅವರಿಗೆ ಅದು ದೊರೆತದ್ದು ಪುಣೆಯ ಬಳಿಯ ಮುಳಾ-ಮುಠಾ ನದಿಯಲ್ಲಿ. ಆ ನದಿ ಭೀಮೆಯ ಉಪನದಿ. ಅಂದರೆ ನೀಲಿ ರೆಕ್ಕೆಯ ಈ ಮಹಸೀರ್ ಭೀಮೆಯ ನೀರಿನ ಕುಲದ್ದು. 1970ರ ದಶಕದಲ್ಲಿ ಲೋಣಾವಳದ ಟಾಟಾ ವಿದ್ಯುತ್ ಕಂಪನಿಯ ಕೇಂದ್ರದಲ್ಲಿ ಇದರ ಮರಿಗಳನ್ನು ಕೃತಕವಾಗಿ ಬೆಳೆಸುವ ವಿಧಾನ ಸಿದ್ಧಿಸಿತು. ಅಲ್ಲಿಂದ ಮರಿಗಳು ದೇಶದ ನಾನಾ ನದಿಗಳಿಗೆ ಹೋದವು, ನಮ್ಮ ಕಾವೇರಿಗೂ ಬಂದವು.

ಕಾವೇರಿಯಲ್ಲಿ ಆಗಲೇ ಅದರದೇ ಆದ ಮಹಸೀರ್ ಇತ್ತು. ಗೂನು ಬೆನ್ನು, ಬಂಗಾರದ ಹೊಳಪು, ಐವತ್ತು ಕಿಲೋ ಮೀರಿ ಬೆಳೆಯುವ ದೇಹ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ ಮೀನು 120 ಪೌಂಡು ತೂಗಿತ್ತು. ಮುಂದೆ 1972ರಲ್ಲಿ ಬೆಂಗಳೂರಿನಲ್ಲಿ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಹುಟ್ಟಿತು. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳಲ್ಲಿ ಗಾಳದ ಶಿಬಿರಗಳು ಬಂದವು. ಹಿಡಿದ ಮೀನನ್ನು ತೂಗಿ, ಬರೆದಿಟ್ಟು, ಮತ್ತೆ ನದಿಗೆ ಬಿಡುವುದು ಅಲ್ಲಿನ ಕಟ್ಟಳೆ. ಹಿಂದೆ ಸಿಡಿಮದ್ದು ಎಸೆದು ಮೀನು ಕೊಲ್ಲುತ್ತಿದ್ದವರಲ್ಲೇ ಕೆಲವರು ಸಂಬಳ ಪಡೆದು ಮಾರ್ಗದರ್ಶಿಗಳಾದರು, ಕಾವಲುಗಾರರಾದರು. ಇದು ನಿಜವಾದ ಸಾಧನೆ. ನದಿಯಿಂದ ಹೊಟ್ಟೆ ತುಂಬುವವನಿಗೆ ನದಿ ಬದುಕಿರುವುದು ಲಾಭವಾಗಬೇಕು, ಆಗ ಅವನು ಕಾಯುತ್ತಾನೆ.

ಆದರೆ ಆ ಶಿಬಿರದ ದಾಖಲೆಗಳೇ ಇನ್ನೊಂದು ಕಥೆಯನ್ನೂ ಹೇಳಿದವು. ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಹಿಡಿದು ಬಿಟ್ಟ ಆರು ಸಾವಿರಕ್ಕೂ ಹೆಚ್ಚು ಮಹಸೀರ್‌ಗಳ ಲೆಕ್ಕವನ್ನು ಸಂಶೋಧಕರು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದರು. ನೀಲಿ ರೆಕ್ಕೆಯ ಮೀನು ಹೆಚ್ಚುತ್ತ ಹೋಗಿತ್ತು, ಗೂನುಬೆನ್ನಿನದು ಕಡಿಮೆಯಾಗುತ್ತ ಹೋಗಿತ್ತು. ಸಿಗುತ್ತಿದ್ದ ಕೆಲವೇ ಗೂನುಬೆನ್ನಿನ ಮೀನುಗಳು ವರ್ಷದಿಂದ ವರ್ಷಕ್ಕೆ ದೊಡ್ಡವಾಗಿದ್ದವು. ಕೇಳಲು ಇದು ಒಳ್ಳೆಯ ಸುದ್ದಿಯಂತೆ ತೋರುತ್ತದೆ. ಅದರ ಅರ್ಥ ಹಾಗಲ್ಲ. ಮರಿಗಳು ಹುಟ್ಟಿ ಬೆಳೆಯುತ್ತಿರಲಿಲ್ಲ, ಹಳೆಯವಷ್ಟೇ ಉಳಿದಿದ್ದವು. ನಮ್ಮ ಆಳಂದ, ಅಫಜಲಪುರದ ಕೆಲವು ಹಳ್ಳಿಗಳಿಗೆ ಬೇಸಿಗೆಯಲ್ಲಿ ಬಂದರೆ ನಿಮಗೆ ಇದು ಚೆನ್ನಾಗಿ ತಿಳಿಯುತ್ತದೆ. ದುಡಿಯುವವರೆಲ್ಲ ಪುಣೆ, ಮುಂಬಯಿಗೆ ಗುಳೆ ಹೋಗಿರುತ್ತಾರೆ, ಕಟ್ಟೆಯ ಮೇಲೆ ಮುದುಕರು ಮಾತ್ರ ಕುಳಿತಿರುತ್ತಾರೆ.

ಆ ಗೂನುಬೆನ್ನಿನ ಮೀನಿಗೆ ವಿಜ್ಞಾನದಲ್ಲಿ ಸರಿಯಾದ ಹೆಸರು ನಿಶ್ಚಯವಾದದ್ದು 2018ರಲ್ಲಿ. ಟಾರ್ ರೇಮಾದೇವಿ ಎಂದು ಗುರುತಿಸಿದ ಅದೇ ವರ್ಷ ಅದು ಅಳಿವಿನಂಚಿನ ಅತಿ ಗಂಭೀರ ಪಟ್ಟಿಗೂ ಸೇರಿತು. ಅಣೆಕಟ್ಟು, ಮರಳುಗಾರಿಕೆ, ಸಿಡಿಮದ್ದುಗಳ ಪಾಲೂ ಇದರಲ್ಲಿದೆ. ಆದರೆ ಹೊರಗಿನಿಂದ ತಂದ ಮರಿಯ ಪಾಲನ್ನು ಅಲ್ಲಗಳೆಯುವಂತಿಲ್ಲ. ಅದನ್ನು ಬಿಟ್ಟವರು ಕೆಡುಕರಲ್ಲ, ಮಹಸೀರ್ ಉಳಿಯಬೇಕೆಂಬ ಸದುದ್ದೇಶದಿಂದಲೇ ಬಿಟ್ಟರು. 2012ರಲ್ಲಿ ಅಭಯಾರಣ್ಯದೊಳಗೆ ಗಾಳ ಹಾಕುವುದು 1972ರ ವನ್ಯಜೀವಿ ಕಾಯ್ದೆಗೆ ವಿರುದ್ಧವೆಂಬ ಕಾರಣಕ್ಕೆ ಶಿಬಿರಗಳ ಗಾಳ ನಿಂತಿತು. ಅಲ್ಲಿಗೆ ಆ ಲೆಕ್ಕವೂ ನಿಂತಿತು.

ಭೀಮೆಯ ಮೀನು ಪರರ ನದಿಯಲ್ಲಿ ಹೀಗೆ ಹೆಚ್ಚಿತು. ಅದರ ತವರಿನ ಸ್ಥಿತಿ ಏನು? ಪುಣೆಯಲ್ಲಿ ಮುಳಾ-ಮುಠಾ ಊರಿನ ಹೊಲಸು ಹೊತ್ತು ಹರಿಯುತ್ತದೆ. ಕೆಳಗೆ ಸೊಲ್ಲಾಪುರ ಜಿಲ್ಲೆಯಲ್ಲಿ 1980ರಲ್ಲಿ ಪೂರ್ಣಗೊಂಡ ಉಜನಿ ಅಣೆಕಟ್ಟಿದೆ. ಅಲ್ಲಿ ಬಲೆಗೆ ಬೀಳುವುದರಲ್ಲಿ ಆಫ್ರಿಕಾ ಮೂಲದ ತಿಲಾಪಿಯಾದ್ದೇ ಮೇಲುಗೈ, ನಮ್ಮವರು ಜಿಲೇಬಿ ಎನ್ನುವ ಮೀನು. ಉಜನಿಯಿಂದ ನೀರು ಬಿಟ್ಟರೆ ಅಫಜಲಪುರಕ್ಕೆ ಪ್ರವಾಹ, ಬಿಡದಿದ್ದರೆ ಬೇಸಿಗೆಯಲ್ಲಿ ಕುಡಿಯುವ ನೀರಿಗೂ ಕೂಗು. ಸೊನ್ನದಲ್ಲಿ ಬ್ಯಾರೇಜು ಇದೆ. ಇಷ್ಟಾದ ಮೇಲೂ ಹೊಳೆಯಲ್ಲಿ ಉಳಿದಿದ್ದುದು ಮರಳು. ಮರಳಿನ ಹಾಸು ನೀರನ್ನು ಹಿಡಿದಿಟ್ಟು ಬೇಸಿಗೆಯಲ್ಲಿ ಮಡುಗಳಿಗೆ ಒಸರುತ್ತದೆ. ಆ ಮರಳನ್ನೂ ಹೊತ್ತೊಯ್ಯುತ್ತಿದ್ದಾರೆ. 2023ರ ಜೂನ್‌ನಲ್ಲಿ ಜೇವರ್ಗಿ ತಾಲೂಕಿನಲ್ಲಿ ಅಕ್ರಮ ಮರಳು ಸಾಗಾಟ ತಡೆಯಲು ನಿಂತ ಹೆಡ್ ಕಾನ್‌ಸ್ಟೆಬಲ್ ಒಬ್ಬರ ಮೇಲೆ ಟ್ರ್ಯಾಕ್ಟರ್ ಹರಿಸಿ ಕೊಂದರು. ಮೀನಿನ ಮಾತಿನ ನಡುವೆ ಇದೇಕೆ ಎನ್ನಬೇಡಿ. ಮಡುವಿನ ಬೆಲೆ ನಮ್ಮ ಕಡೆ ಎಲ್ಲಿಗೆ ಮುಟ್ಟಿದೆಯೆಂದು ನಿಮಗೆ ತಿಳಿದಿರಲಿ.

ಇಂಥ ನದಿಗೆ ಲೋಣಾವಳದಿಂದ ಲಾರಿಗಟ್ಟಲೆ ಮಹಸೀರ್ ಮರಿ ತಂದು ಸುರಿದರೂ ಅವು ನಿಲ್ಲುವುದೆಲ್ಲಿ? ಕುಲ ಸರಿಯಿದ್ದರೂ ನೆಲೆ ಇಲ್ಲ. ಮಹಸೀರ್ ಮಳೆಗಾಲದಲ್ಲಿ ಪ್ರವಾಹದೆದುರು ಈಜಿ ಜಲ್ಲಿಯಲ್ಲಿ ಮೊಟ್ಟೆಯಿಡುವ ಮೀನು. ಅದಕ್ಕೆ ಹರಿವು ಬೇಕು, ಜಲ್ಲಿ ಬೇಕು, ಬೇಸಿಗೆ ಕಳೆಯಲು ಆಳದ ಮಡು ಬೇಕು.

ನಿಮ್ಮಲ್ಲಿ ಈ ಮೂರೂ ಇನ್ನೂ ಅಲ್ಲಲ್ಲಿ ಉಳಿದಿವೆ, ಮತ್ತು ಅವನ್ನು ಕಾಯುವ ಪದ್ಧತಿಯೂ ಇದೆ. ಶೃಂಗೇರಿಯ ತುಂಗೆಯಲ್ಲಿ, ತೀರ್ಥಹಳ್ಳಿಯ ಚಿಪ್ಪಲಗುಡ್ಡೆಯಲ್ಲಿ, ರಾಮನಾಥಪುರದ ಕಾವೇರಿಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನನ್ನು ಯಾರೂ ಮುಟ್ಟುವುದಿಲ್ಲ. ಗಾಳದ ಶಿಬಿರ ಹಣದಿಂದ ಮಾಡಿದ ಕಾವಲನ್ನು ಈ ಗುಂಡಿಗಳಲ್ಲಿ ಭಕ್ತಿ ಮಾಡಿದೆ. ಭಕ್ತಿಯೊಂದೇ ಸಾಲದೆಂಬುದಕ್ಕೂ ಸಾಕ್ಷಿ ಅಲ್ಲೇ ಇದೆ. 1996ರಲ್ಲಿ ಶಿಶಿಲದ ಹೊಳೆಗೆ ಯಾರೋ ವಿಷ ಹಾಕಿದರು, ರಾಶಿ ರಾಶಿ ಮೀನು ಸತ್ತವು. ಊರವರು ಆ ಮೀನುಗಳಿಗೆ ಸ್ಮಾರಕ ಕಟ್ಟಿದರು. ವಿಷ ಮತ್ತು ಸಿಡಿಮದ್ದಿನಿಂದ ಮೀನು ಹಿಡಿಯುವುದನ್ನು 1897ರ ಮೀನುಗಾರಿಕೆ ಕಾಯ್ದೆಯೇ ಅಪರಾಧವೆಂದಿತ್ತು. ಅಷ್ಟು ಹಳೆಯ ಕಾನೂನೂ ಆ ದಿನ ಹೊಳೆಯ ದಂಡೆಯಲ್ಲಿರಲಿಲ್ಲ.

ನಮ್ಮ ಗಾಣಗಾಪುರದ ಸಂಗಮಕ್ಕೆ ದತ್ತಾತ್ರೇಯನ ಭಕ್ತರು ಎರಡು ರಾಜ್ಯಗಳಿಂದ ಬರುತ್ತಾರೆ. ಅಲ್ಲಿಯೂ ಮೇಲೆ ಕೆಳಗೆ ಒಂದಷ್ಟು ದೂರ ಮರಳು ತೆಗೆಯದೆ, ಬಲೆ ಬೀಸದೆ, ಬಟ್ಟೆ ಬಿಸಾಡದೆ ಒಂದು ಮಡುವನ್ನು ದೇವರ ಹೆಸರಿನಲ್ಲಿ ಬಿಡಿಸಿಕೊಳ್ಳಬೇಕೆಂಬುದು ನನ್ನ ಆಸೆ. ಅದಕ್ಕೆ ಮೊದಲು ಕೇಳಬೇಕಾದವರು ಅಂಬಿಗರು, ಕಬ್ಬಲಿಗರು, ಕೋಲಿಗಳು. ಹೊಳೆ ಅವರ ಹೊಲ. ಅವರ ಅನ್ನಕ್ಕೆ ಬದಲಿ ಹೇಳದೆ ಬಲೆ ಎತ್ತಿರೆಂದರೆ ಅದು ಅನ್ಯಾಯ, ನಡೆಯುವುದೂ ಇಲ್ಲ. ಯಾವ ಮಡು ಯಾವ ತಿಂಗಳು ಬತ್ತುತ್ತದೆ, ಯಾವ ಮೀನು ಎಷ್ಟು ವರ್ಷದಿಂದ ಕಂಡಿಲ್ಲ ಎಂಬುದು ಯಾವ ಇಲಾಖೆಗಿಂತ ಹೆಚ್ಚಾಗಿ ಅವರಿಗೆ ಗೊತ್ತು.

ಆದುದರಿಂದ ಈ ಸಭೆಯ ವಿದ್ಯಾರ್ಥಿಗಳಿಗೆ ನನ್ನ ಕೋರಿಕೆ ಸಣ್ಣದು. ನಿಮ್ಮ ಹಳ್ಳಿಯ ಒಂದೊಂದು ಮಡುವಿಗೆ ಒಂದೊಂದು ಪುಸ್ತಕ ಇಡಿ. ಮಡುವಿನ ಹೆಸರು, ಬೇಸಿಗೆಯ ಆಳ, ನೀರಿನ ಬಿಸಿ, ಹಿರಿಯರು ಹೇಳುವ ಮೀನುಗಳ ಹೆಸರು ಬರೆದಿಡಿ. ಇಂಗ್ಲಿಷ್ ಹೆಸರು ಬೇಡ, ನಿಮ್ಮ ಊರಿನವೇ ಸಾಕು. ಗಾಳಿಬೋರೆಯ ದಾಖಲೆ ಇಲ್ಲದಿದ್ದರೆ ಗೂನುಬೆನ್ನಿನ ಮೀನು ಕಣ್ಮರೆಯಾಗುತ್ತಿದ್ದುದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೊರಗಿನ ಮರಿ ಬಿಡಲು ಯಾರಾದರೂ ಬಂದರೆ ಯಾವ ಜಾತಿ, ಯಾವ ನದಿಯದು ಎಂದು ಆ ಪುಸ್ತಕ ಹಿಡಿದು ಕೇಳಿ. ಐದು ವರ್ಷ ಹೀಗೆ ಬರೆದ ಮೇಲೆ ಗಾಳದ ಹಬ್ಬ ಬೇಕೆನಿಸಿದರೆ, ದೇವರ ಗುಂಡಿ ಮತ್ತು ಅಭಯಾರಣ್ಯ ಬಿಟ್ಟು, ಮೊಟ್ಟೆಯಿಡುವ ಮಳೆಗಾಲ ಬಿಟ್ಟು ಮಾಡೋಣ. ಆಗ ನಾನೂ ಬರುತ್ತೇನೆ.

ಮಳೆ ನಿಂತು ನೀರು ತಿಳಿಯಾದೊಡನೆ ಮೊದಲ ಎಣಿಕೆಯನ್ನು ಆರಂಭಿಸಬಹುದು. ಗಾಳ ತರಬೇಕಾಗಿಲ್ಲ. ಒಂದು ಬಿಳಿ ತಟ್ಟೆ, ಚಹಾ ಸೋಸುವ ಜಾಲರಿ, ಪೆನ್ಸಿಲು, ನೋಟುಪುಸ್ತಕ ತನ್ನಿ. ಮಗುಚಿದ ಕಲ್ಲನ್ನು ಮತ್ತೆ ಇದ್ದ ಹಾಗೇ ಇಡಿ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಬಹುದು.