ಕಿಟೆಲ್ ಮಂಗಳೂರಿಗೆ ಬಂದ ಹೊಸತರಲ್ಲಿ, ನಾವು ಪುಣೆಗೆ ಬಂದ ಹೊಸತರಲ್ಲಿ



ನಮ್ಮ ವಾಟ್ಸಾಪ್ ಗ್ರೂಪುಗಳಿಗೆ ವರ್ಷಕ್ಕೆ ನಾಲ್ಕೈದು ಸಲವಾದರೂ ಒಂದು ಫಾರ್ವರ್ಡ್ ಬರುತ್ತೆ. "ಜರ್ಮನಿಯಿಂದ ಬಂದ ಕಿಟೆಲ್ ಕನ್ನಡ ಕಲಿತು ನಿಘಂಟನ್ನೇ ಮಾಡಿದರು. ಬೆಂಗಳೂರಲ್ಲಿ ಹತ್ತು ವರ್ಷ ಇದ್ದೂ ನಿಮಗೆ ಕನ್ನಡ ಬರಲ್ವಾ?" ಕೇಳಬೇಕಾದ ಪ್ರಶ್ನೆಯೇ. ಆದರೆ ಅದನ್ನು ಫಾರ್ವರ್ಡ್ ಮಾಡ್ತಿರೋ ನಾವು ಎಲ್ಲಿದ್ದೀವಿ? ಹಿಂಜೇವಾಡಿಯಲ್ಲಿ, ಗಚ್ಚಿಬೌಲಿಯಲ್ಲಿ, ಶೋಲಿಂಗನಲ್ಲೂರಲ್ಲಿ. ಆ ಪ್ರಶ್ನೆಯನ್ನು ಮರಾಠಿಗೆ, ತೆಲುಗಿಗೆ, ತಮಿಳಿಗೆ ತಿರುಗಿಸಿ ನಮಗೇ ಯಾರಾದರೂ ಕೇಳಿದರೆ? ಹಾಗಾಗಿ ಇವತ್ತು ನಿಘಂಟು ಮಾಡಿದ ಗಡ್ಡದ ಕಿಟೆಲ್ ಬಗ್ಗೆ ಮಾತಾಡಲ್ಲ. ಊರಿಗೆ ಹೊಸದಾಗಿ ಬಂದ, 21 ವರ್ಷದ, ಕನ್ನಡ ಬಾರದ ಕಿಟೆಲ್ ಬಗ್ಗೆ ಮಾತಾಡೋಣ.

ಫರ್ಡಿನಂಡ್ ಕಿಟೆಲ್ ಹುಟ್ಟಿದ್ದು 1832ರಲ್ಲಿ, ಉತ್ತರ ಜರ್ಮನಿಯ ಪೂರ್ವ ಫ್ರೀಸ್‌ಲ್ಯಾಂಡ್ ಅನ್ನೋ ಕರಾವಳಿ ಸೀಮೆಯಲ್ಲಿ. ತಂದೆ ಪಾದ್ರಿ. 1850ರಲ್ಲಿ ಕಿಟೆಲ್ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಮಿಷನ್ ಸೆಮಿನರಿಗೆ ಸೇರಿದರು. ಅಂದ್ರೆ ಪರದೇಶದ ಮೊದಲ ಪಾಠ ಭಾರತದಲ್ಲಲ್ಲ, ಬಾಸೆಲ್‌ನಲ್ಲೇ ಶುರುವಾಯ್ತು. ಅಲ್ಲಿದ್ದ ಹುಡುಗರಲ್ಲಿ ಹೆಚ್ಚಿನವರು ದಕ್ಷಿಣದ ವುರ್ಟೆಂಬರ್ಗ್ ಕಡೆಯವರು. ಬೀದಿಯಲ್ಲಿ ಕಿವಿಗೆ ಬೀಳೋದು ಸ್ವಿಸ್ ಜರ್ಮನ್. ಹೆಸರಿಗೆ ಎಲ್ಲಾ ಒಂದೇ ಭಾಷೆ. ಆದರೆ ಉತ್ತರದ ಕರಾವಳಿಯ ಮಾತಿಗೂ ಸ್ವಿಸ್ ಮಾತಿಗೂ ಇರೋ ದೂರ ಎಷ್ಟು ಅಂದ್ರೆ, ಬೀದರ್ ಹುಡುಗ ಕುಂದಾಪುರದ ಹಾಸ್ಟೆಲ್‌ಗೆ ಹೋಗಿ ಬಿದ್ದ ಹಾಗೆ ಅಂದ್ಕೊಳ್ಳಿ.

ಸೆಮಿನರಿಯಲ್ಲಿ ಶಿಸ್ತು ಜೋರು. ಓದು, ಪ್ರಾರ್ಥನೆ, ಕೆಲಸ, ಎಲ್ಲದಕ್ಕೂ ವೇಳಾಪಟ್ಟಿ. ಯಾವ ದೇಶಕ್ಕೆ ಹೋಗಬೇಕು ಅನ್ನೋದನ್ನು ಬಾಸೆಲ್‌ನ ಕಮಿಟಿ ತೀರ್ಮಾನಿಸ್ತಿತ್ತು. ಮದುವೆ ಆಗೋದಕ್ಕೂ ಆ ಕಮಿಟಿಯ ಅನುಮತಿ ಬೇಕು. ನಮ್ಮ ಎಚ್‌ಆರ್ ಪಾಲಿಸಿಗಳು ಇದರ ಮುಂದೆ ಏನೂ ಅಲ್ಲ ಬಿಡಿ.

1853ರಲ್ಲಿ ಅವರನ್ನು ಮಂಗಳೂರಿಗೆ ಕಳಿಸಿದರು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಹಾಗಾಗಿ ಆ ಕಾಲದಲ್ಲಿ ಯುರೋಪಿನಿಂದ ಬರೋರಿಗೆ ಇದ್ದದ್ದು ಎರಡೇ ದಾರಿ: ಇಡೀ ಆಫ್ರಿಕಾ ಸುತ್ತಿ ಬರೋದು, ಇಲ್ಲಾ ಈಜಿಪ್ಟಿನಲ್ಲಿ ಇಳಿದು, ನೆಲದ ಮೇಲೆ ದಾಟಿ, ಮತ್ತೆ ಹಡಗು ಹತ್ತೋದು. ದೀಪಾವಳಿಗೆ ಊರಿಗೆ ಹೋಗಿ ಬರ್ತೀನಿ ಅನ್ನೋ ಮಾತೇ ಇಲ್ಲ.

ಆದರೆ ಅವರು ಸೇರಿದ್ದು ಹೊಸ ಟೀಮ್ ಅಲ್ಲ. ಬಾಸೆಲ್ ಮಿಷನ್‌ನ ಮೊದಲ ಮೂವರು ಮಂಗಳೂರಿಗೆ ಬಂದದ್ದು 1834ರಲ್ಲಿ. 1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ತಂದಿದ್ದರು, ಕಲ್ಲಚ್ಚಿನಲ್ಲಿ. ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಬಂದಿತ್ತು. ಅದು ಮದ್ರಾಸಿನಲ್ಲಿ ಪ್ರಕಟವಾದ ವರ್ಷ 1832, ಕಿಟೆಲ್ ಹುಟ್ಟಿದ ವರ್ಷವೇ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಡಾಕ್ಯುಮೆಂಟೇಷನ್ ಇತ್ತು, ಸೀನಿಯರ್‌ಗಳೂ ಇದ್ದರು.

ಹೊಸದಾಗಿ ಬಂದವರ ಮುಖ್ಯ ಕೆಲಸ ಒಂದೇ, ಭಾಷೆ ಕಲಿಯೋದು. ಮುನ್ಷಿಯ ಎದುರು ಕೂತು ಅಕ್ಷರ, ಉಚ್ಚಾರಣೆ, ವಾಕ್ಯ. ಜರ್ಮನ್ ಮಾತಾಡುವವನಿಗೆ ಕನ್ನಡದಲ್ಲಿ ಕೆಲವು ಅನುಕೂಲ ಇವೆ. ನೀನು, ನೀವು ಅನ್ನೋ ವ್ಯತ್ಯಾಸ ಅವರಲ್ಲೂ ಇದೆ. ಕ್ರಿಯಾಪದ ಕೊನೆಗೆ ಬರೋದು ಅವರ ಉಪವಾಕ್ಯಗಳಲ್ಲಿ ಮಾಮೂಲು. ಕಷ್ಟ ಇರೋದು ನಾಲಿಗೆಯಲ್ಲಿ. ಲ ಮತ್ತು ಳ ಅವರ ಕಿವಿಗೆ ಒಂದೇ. "ಹಳ್ಳಿಗೆ ಹೋಗಿದ್ದೆ" ಅನ್ನೋದು "ಹಲ್ಲಿಗೆ ಹೋಗಿದ್ದೆ" ಆಗುತ್ತೆ.

ಇನ್ನೊಂದು ತೊಡಕು, ಅದು ಮಂಗಳೂರು. ಪುಸ್ತಕದಲ್ಲಿ ಕನ್ನಡ ಕಲಿತು ಹೊರಗೆ ಬಂದರೆ ಮೀನಿನ ಪೇಟೆಯಲ್ಲಿ ತುಳು, ಪಕ್ಕದ ಓಣಿಯಲ್ಲಿ ಕೊಂಕಣಿ, ಆ ಕಡೆ ಬ್ಯಾರಿ. ಹೈದರಾಬಾದಿನಲ್ಲಿ ತೆಲುಗು ಕಲಿಯೋಕೆ ಹೊರಟವರಿಗೆ ಈ ಪಾಡು ಗೊತ್ತಿರುತ್ತೆ. ಆಟೋದವರು ದಖನಿ ಮಾತಾಡ್ತಾರೆ, ಆಫೀಸಲ್ಲಿ ಇಂಗ್ಲಿಷ್, ತೆಲುಗು ಎಲ್ಲಿ ಅಂತ ಹುಡುಕಬೇಕು. ಹುಡುಕಿದವರಿಗೇ ಸಿಗೋದು.

ಮುಂದೆ ಕಿಟೆಲ್ ಧಾರವಾಡದ ಸೀಮೆಗೆ ಹೋದರು. ಅಲ್ಲಿ ಮುನ್ಷಿಯ ಪಾಠಕ್ಕೇ ನಿಲ್ಲದೆ ಹಳ್ಳಿಗಳಲ್ಲಿ ಕಾಲ್ನಡಿಗೆಯಲ್ಲಿ ತಿರುಗಿದರು. ಭಾರತೀಯರ ನಡುವೆ ಭಾರತೀಯನಾಗಿ ಇರಬೇಕು ಅನ್ನೋದು ಅವರ ಆಸೆ. ಜೊತೆಯ ಮಿಷನರಿಗಳಿಗೂ ಬಾಸೆಲ್‌ನ ಹಿರಿಯರಿಗೂ ಇದು ಅಷ್ಟಾಗಿ ಹಿಡಿಸಲಿಲ್ಲ.

ಇಲ್ಲಿ ಒಂದು ಮಾತು ನೇರವಾಗಿ ಹೇಳ್ತೀನಿ. ಅವರು ಬಂದದ್ದು ಮತಪ್ರಚಾರಕ್ಕೆ. ಆ ಉದ್ದೇಶ ನನ್ನದಲ್ಲ, ನಿಮ್ಮಲ್ಲಿ ತುಂಬಾ ಜನರದ್ದೂ ಅಲ್ಲ. ಅದನ್ನು ಮುಚ್ಚಿಟ್ಟು ಅವರನ್ನು ಬರೀ ಕನ್ನಡಪ್ರೇಮಿ ಅಂತ ಕರೆಯೋದೂ ಸರಿಯಲ್ಲ. ಆದರೆ ಏನಾಯ್ತು ನೋಡಿ. ಬಂದ ಕೆಲಸದಲ್ಲಿ ಅವರು ಅಂಥ ಯಶಸ್ಸು ಕಾಣಲಿಲ್ಲ. ಉಳಿದದ್ದು, ಜನರಿಗೆ ಹೇಳೋಕೆ ತಂದದ್ದಲ್ಲ, ಜನರಿಂದ ಕೇಳಿಸಿಕೊಂಡದ್ದು. 1894ರ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳಿವೆ. ಹಳೆಯ ಕಾವ್ಯದ ಮಾತಿನ ಪಕ್ಕದಲ್ಲೇ ಹೊಲ, ಅಡುಗೆಮನೆ, ಜಗಳಗಳ ಮಾತೂ ಇದೆ, ಗಾದೆಗಳೂ ಇವೆ. ಮುನ್ಷಿಯ ಮೇಜಿನ ಮುಂದೆಯೇ ಕೂತಿದ್ದರೆ ಇದೆಲ್ಲಾ ಸಿಗ್ತಿರಲಿಲ್ಲ. ಬಂದ ವರ್ಷದಿಂದ ನಿಘಂಟಿನವರೆಗೆ 41 ವರ್ಷ.

ಈಗ ನಮ್ಮ ಹೊಸತನಕ್ಕೆ ಬರೋಣ. ಕಂಪನಿಯ ಇಂಡಕ್ಷನ್‌ನಲ್ಲಿ ಲ್ಯಾಪ್‌ಟಾಪ್ ಕೊಡ್ತಾರೆ, ಐಡಿ ಕಾರ್ಡ್ ಕೊಡ್ತಾರೆ, ಸೆಕ್ಯುರಿಟಿ ಟ್ರೇನಿಂಗ್ ಮಾಡಿಸ್ತಾರೆ. ಊರಿನ ಬಗ್ಗೆ ಒಂದು ಸ್ಲೈಡೂ ಇರಲ್ಲ. ಪಿಜಿ ಹುಡುಕೋದು ಆ್ಯಪ್‌ನಲ್ಲಿ, ಊಟ ಆ್ಯಪ್‌ನಲ್ಲಿ, ಕ್ಯಾಬ್ ಆ್ಯಪ್‌ನಲ್ಲಿ. ಮೂರು ವಾರ ಒಂದು ಮರಾಠಿ ಮಾತೂ ಆಡದೆ ಕಳೆಯಬಹುದು. ಹಾಗೆ ಕಳೆದ ಮೂರು ವಾರ ಮೂರು ವರ್ಷ ಆಗೋದು ಗೊತ್ತೇ ಆಗಲ್ಲ. ಯಾಕಂದ್ರೆ ಅಷ್ಟರಲ್ಲಿ ವಾಚ್‌ಮನ್, ಹಾಲಿನವರು, ಪಕ್ಕದ ಮನೆಯವರು ಎಲ್ಲರೂ ನಿಮ್ಮ ಜೊತೆ ಹಿಂದಿಯಲ್ಲೇ ಮಾತಾಡೋದು ಅಭ್ಯಾಸ ಮಾಡ್ಕೊಂಡಿರ್ತಾರೆ. ಆ ಅಭ್ಯಾಸ ಆಮೇಲೆ ಬದಲಾಯಿಸೋದು ಬಹಳ ಕಷ್ಟ. ಮೊದಲ ವಾರಗಳ ಬೆಲೆ ಇರೋದು ಇಲ್ಲೇ. ಹೊಸಬ ತಪ್ಪು ಮಾತಾಡಿದರೆ ಯಾರೂ ನಗಲ್ಲ, ತಿದ್ದುತ್ತಾರೆ. ಆರನೇ ವರ್ಷದಲ್ಲಿ ತಪ್ಪು ಮಾತಾಡೋಕೆ ನಮಗೇ ನಾಚಿಕೆ.

ನನ್ನ ಅನುಭವ ಪುಣೆಯದ್ದು. ತರಕಾರಿ ಅಂಗಡಿಯಲ್ಲಿ "ಕಸಂ ದಿಲಂ?" ಅಂತ ಕೇಳ್ತಾರೆ. ನಮ್ಮ "ಹೆಂಗೆ ಕೊಟ್ರಿ?" ಇದೆಯಲ್ಲ, ಅದೇ. ಭಾಷಾ ಕುಟುಂಬ ಬೇರೆ, ಆದರೆ ಸಂತೆಯ ಮಾತು ಒಂದೇ. ಇಂಥದ್ದು ಕಿವಿಗೆ ಬಿದ್ದಾಗ ಆಗೋ ಖುಷಿ ಯಾವ ಆ್ಯಪಿನ ಸ್ಕೋರಿನಲ್ಲೂ ಇಲ್ಲ.

ಇನ್ನೊಂದು ಸಂಗತಿ. ಕನ್ನಡದಲ್ಲಿ ನಾವು 'ನಾವು' ಅಂತ ಒಂದೇ ಪದ ಬಳಸ್ತೀವಿ. ಮರಾಠಿಯಲ್ಲಿ ಎರಡು: ನಿಮ್ಮನ್ನು ಬಿಟ್ಟು ನಾವು ಅಂದ್ರೆ 'ಆಮ್ಹೀ', ನಿಮ್ಮನ್ನೂ ಸೇರಿಸಿ ನಾವು ಅಂದ್ರೆ 'ಆಪಣ್'. ತೆಲುಗಿನಲ್ಲಿ 'ಮೇಮು', 'ಮನಂ'. ತಮಿಳಿನಲ್ಲಿ 'ನಾಂಗಳ್', 'ನಾಮ್'. ಮಂಗಳೂರಿನ ತುಳುವಿನಲ್ಲೂ 'ಎಂಕುಲು', 'ನಮ'. ನಾವು ವಲಸೆ ಬಂದ ಈ ಊರುಗಳ ಭಾಷೆಯಲ್ಲಿ, ಎದುರಿಗಿರುವವರನ್ನು ಸೇರಿಸ್ಕೊಳ್ತೀರೋ ಇಲ್ವೋ ಅಂತ ಪ್ರತಿ ವಾಕ್ಯದಲ್ಲೂ ತೀರ್ಮಾನ ಮಾಡಬೇಕು. ಸೊಸೈಟಿ ಮೀಟಿಂಗಿನಲ್ಲಿ ನೀರಿನ ಟ್ಯಾಂಕರ್ ಬಗ್ಗೆ ಮಾತಾಡುವಾಗ ನೀವು 'ಆಪಣ್' ಅಂದರೆ, ಅಲ್ಲಿದ್ದವರು ನಿಮ್ಮತ್ತ ನೋಡೋ ರೀತಿಯೇ ಬದಲಾಗುತ್ತೆ.

ಹೊಸದಾಗಿ ಊರು ಬದಲಿಸುವ ತಮ್ಮಂದಿರಿಗೆ, ತಂಗಿಯರಿಗೆ ನಾನು ಹೇಳೋದು ಮೂರೇ. ಒಂದು, ಮೊದಲ ವಾರದಲ್ಲೇ ಒಬ್ಬರನ್ನು ಗುರು ಮಾಡ್ಕೊಳ್ಳಿ. ಮೆಸ್‌ನ ಕಾಕೂ ಆಗಬಹುದು, ಟೀಮಿನ ಅಕ್ಕ ಆಗಬಹುದು. ಎರಡು, ದಿನಕ್ಕೆ ಒಂದು ಕೆಲಸ ಪೂರ್ತಿ ಆ ಊರಿನ ಭಾಷೆಯಲ್ಲೇ ಮಾಡಿ, ಹಾಲು ತರೋದಾದರೂ ಸರಿ. ಮೂರು, ಕೇಳಿದ ಪದ ಬರೆದಿಡಿ, ಕನ್ನಡ ಲಿಪಿಯಲ್ಲೇ. ನಮ್ಮ ಲಿಪಿಯಲ್ಲಿ ಮರಾಠಿಯ 'ಳ' ಕೂಡಾ ಸರಿಯಾಗಿ ನಿಲ್ಲುತ್ತೆ, ಇಂಗ್ಲಿಷ್ ಅಕ್ಷರದಲ್ಲಿ ನಿಲ್ಲಲ್ಲ.

ಇದರಿಂದ ನಮ್ಮ ಕನ್ನಡ ಕಡಿಮೆಯಾಗಲ್ಲ. ಮನೆಯಲ್ಲಿ ಮಕ್ಕಳ ಜೊತೆ ಕನ್ನಡ, ಬೀದಿಯಲ್ಲಿ ಆ ಊರಿನ ಮಾತು. ಬೆಂಗಳೂರಿಗೆ ಬಂದವರಿಗೆ "ಕನ್ನಡ ಕಲೀರಿ" ಅಂತ ಹೇಳೋ ಹಕ್ಕು ನಮಗೆ ಖಂಡಿತ ಇದೆ. ನಾವಿರೋ ಊರಿನ ಭಾಷೆ ಕಲಿತು ಹೇಳಿದರೆ ಆ ಮಾತಿಗೆ ತೂಕ ಜಾಸ್ತಿ.

ನಿಮ್ಮ ಊರಲ್ಲಿ ನೀವು ಕಲಿತ ಮೊದಲ ವಾಕ್ಯ ಯಾವುದು ಅಂತ ಬರೆದು ತಿಳಿಸಿ. ಮುಂದಿನ ಸಲ ಸಿಗೋಣ.